ಅತ್ತೆಯ ಮಂಚದ ಕೆಳಗಿನ ವೈನು

ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಚಾದರಗಳಿಗೆ ಇಸ್ತ್ರಿ ಮಾಡುತ್ತಿದ್ದವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಅದನ್ನು ಬಳಸುತ್ತಿದ್ದವರು ಸಂಬಳ ಕೊಡುವ ಗುಮಾಸ್ತರೊಬ್ಬರೇ. ಉಳಿದವರಿಗೆಲ್ಲ ಅವನು ಇಸ್ತ್ರಿಯಣ್ಣ. ಬೆಳಕು ಹರಿಯುವ ಮೊದಲೇ ನೆಲಮಾಳಿಗೆಗೆ ಇಳಿದರೆ ಬಿಸಿ ರೋಲರಿನ ಈ ಬದಿಯಿಂದ ಒದ್ದೆ ಚಾದರ ಕೊಡುವುದು, ಆ ಬದಿಯಿಂದ ಗರಿಗರಿಯಾಗಿ ಬಂದದ್ದನ್ನು ಮಡಿಸುವುದು, ಮಡಿಸಿದ್ದನ್ನು ಕಪಾಟಿಗೆ ಏರಿಸುವುದು. ಮಧ್ಯಾಹ್ನ ಮೇಲೆ ಹತ್ತಿ ಬಂದಾಗ ಬೀದಿಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಸಾವಿರಾರು ಜನ ಮಲಗುವ ಚಾದರ ನೇರ ಮಾಡುವವನ ಮುಖ ಮಾತ್ರ ಸದಾ ಮುದುಡಿಕೊಂಡೇ ಇರುತ್ತದಲ್ಲ ಎಂದು ಹೆಂಡತಿ ಮೊದಲೆಲ್ಲ ತಮಾಷೆ ಮಾಡುತ್ತಿದ್ದಳು. ಆಮೇಲೆ ಅವಳ ಮುಖವೂ ಹಾಗೇ ಆಯಿತು, ತಮಾಷೆ ನಿಂತುಹೋಯಿತು.

ಅವರ ಮನೆ ಲಿಫ್ಟಿಲ್ಲದ ಕಟ್ಟಡದ ಮೇಲಿನ ಮಹಡಿಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸಲು ಮೊಳದಗಲದ ಬಾಲ್ಕನಿ. ಮಕ್ಕಳಿರಲಿಲ್ಲ. ಒಳಕೋಣೆಯಲ್ಲಿ ಹೆಂಡತಿಯ ತಾಯಿ ಇದ್ದಳು.

ಅತ್ತೆ ಹಾಸಿಗೆ ಹಿಡಿದದ್ದು ಗಂಡ ಹೆಂಡತಿಯ ಮದುವೆಯ ವಾರ್ಷಿಕೋತ್ಸವದ ದಿನವೇ. ಇಬ್ಬರೂ ಎಂದೂ ಆ ದಿನವನ್ನು ದೊಡ್ಡದು ಮಾಡಿದವರಲ್ಲ. ಆ ವರ್ಷ ಮಾತ್ರ ಹೋಟೆಲಿನಲ್ಲಿ ಯಾರದೋ ಔತಣ ರದ್ದಾಗಿ, ಉಳಿದ ವೈನಿನ ಪೆಟ್ಟಿಗೆಗಳನ್ನು ಕೆಲಸದವರಿಗೆ ಹಂಚಿದ್ದರು. ರಟ್ಟಿನ ಪೆಟ್ಟಿಗೆ, ಒಳಗೆ ಬೆಳ್ಳಿಬಣ್ಣದ ಚೀಲ, ಕೆಳಗೆ ಒಂದು ಪುಟ್ಟ ನಲ್ಲಿ. ನಲ್ಲಿ ತಿರುಗಿಸಿದರೆ ಕೆಂಪು ವೈನು. ಅಗ್ಗದ ಮಾಲು, ಆದರೆ ಪುಕ್ಕಟೆ ಬಂದದ್ದು. ಅದನ್ನು ಹೆಗಲ ಮೇಲೆ ಹೊತ್ತು ಅವನು ಮೆಟ್ಟಿಲು ಹತ್ತುತ್ತಿದ್ದಾಗಲೇ ಮೇಲಿನಿಂದ ಹೆಂಡತಿಯ ಕೂಗು ಕೇಳಿಸಿತು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಪೆಟ್ಟಿಗೆಯನ್ನು ಬಾಗಿಲ ಬಳಿ ಇಟ್ಟವನು ಆಸ್ಪತ್ರೆಗೆ ಓಡಿದ. ಅತ್ತೆಯನ್ನು ಮನೆಗೆ ಕರೆತಂದ ದಿನ ಕಾಲಿಗೆ ತೊಡರುತ್ತಿದ್ದ ಅದನ್ನು ಹೆಂಡತಿ ಮಂಚದ ಕೆಳಗೆ ತಳ್ಳಿದಳು.

"ಅಮ್ಮ ಸ್ವಲ್ಪ ಎದ್ದು ಓಡಾಡೋ ಹಾಗಾಗ್ಲಿ, ಆಗ ತೆಗೆಯೋಣ" ಎಂದಳು.

ಅಮ್ಮ ಏಳಲಿಲ್ಲ.

ಹೋಟೆಲಿನ ಉಗ್ರಾಣದವನು ಒಂದು ದಿನ ಮಾತಿಗೆ ಮಾತು ಬಂದು, "ಇನ್ನೂ ಕುಡಿದಿಲ್ವಾ? ಒಳ್ಳೇದೇ ಆಯ್ತು ಬಿಡಣ್ಣ. ವೈನು ಎಷ್ಟು ಹಳೇದಾದ್ರೆ ಅಷ್ಟು ರುಚಿ" ಎಂದ. ಇಸ್ತ್ರಿಯಣ್ಣ ಮನೆಗೆ ಬಂದು ಹೆಂಡತಿಗೆ ಹೇಳಿದ. ಹೇಳಲು ಬೇರೆ ಸುದ್ದಿ ಇರಲಿಲ್ಲವೆಂದು ಹೇಳಿದ್ದು, ಅಷ್ಟೇ. ಆದರೆ ಅವಳು ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದು ನಿಂತಳು.

"ಹೌದಾ? ಹಾಗಾದ್ರೆ ಸುಮ್ನೆ ಬಿದ್ದಿಲ್ಲ ಅದು. ಮಾಗ್ತಾ ಇದೆ."

ಆ ಮನೆಯಲ್ಲಿ ಎಲ್ಲವೂ ಸವೆಯುತ್ತಿತ್ತು. ಚಾಪೆ, ಬಾಗಿಲಿನ ಚಿಲಕ, ಅವನ ಮೊಣಕಾಲು, ಅವಳ ಬೆನ್ನು. ಒಂದು ವಸ್ತುವಾದರೂ ದಿನ ಕಳೆದಂತೆ ಒಳ್ಳೆಯದಾಗುತ್ತಿದೆ ಎಂಬ ಮಾತು ಅವಳಿಗೆ ಹಿಡಿಸಿತು. ಮುಂದಿನ ಸಲ ಬೀದಿ ಕೊನೆಯ ವೈನ್ ಅಂಗಡಿಯಲ್ಲಿ ರಿಯಾಯಿತಿ ಬಂದಾಗ ತಾನೇ ಹೋಗಿ ಅದೇ ಜಾತಿಯ ಇನ್ನೊಂದು ಪೆಟ್ಟಿಗೆ ತಂದಳು. ಆಮೇಲೆ ಮತ್ತೊಂದು. ಮಂಚದ ಕೆಳಗೆ ಒಂದು ಸಾಲೇ ಆಯಿತು. ವೈನಿಗೆ ಬೆಳಕಾಗದು, ಸೆಕೆಯಾಗದು, ಅಲುಗಾಡಿಸಬಾರದು ಎಂದು ರೇಡಿಯೋದಲ್ಲಿ ಕೇಳಿದ್ದಳು. ಒಳಕೋಣೆ ಬಿಸಿಲು ಕಾಣದ ಕೋಣೆ. ಗೋಡೆ ಸದಾ ತಣ್ಣಗೆ. ಮಂಚದ ಮೇಲಿದ್ದವಳು ಅಲುಗಾಡುವ ಹಾಗೇ ಇರಲಿಲ್ಲ. ಬೇಸಿಗೆಯಲ್ಲಿ ಹೆಂಡತಿ ಒದ್ದೆ ಗೋಣಿಚೀಲ ಹಿಂಡಿ ಪೆಟ್ಟಿಗೆಗಳ ಹಿಂದೆ ಗೋಡೆಗೆ ಒರಗಿಸುತ್ತಿದ್ದಳು. ದಿನಾ ಅಮ್ಮನ ಮೈ ಒರೆಸಿ, ಚಾದರ ಬದಲಿಸಿ, ಕೊನೆಗೆ ಬಗ್ಗಿ ಪೆಟ್ಟಿಗೆಗಳ ಮೇಲಿನ ಧೂಳನ್ನೂ ಒರೆಸುತ್ತಿದ್ದಳು. ಯಾವುದು ಮೊದಲು ಬಂದದ್ದು, ಯಾವುದು ಆಮೇಲಿನದ್ದು ಎಂದು ತಿಳಿಯಲು ಒಂದೊಂದಕ್ಕೂ ಒಂದೊಂದು ಬಣ್ಣದ ಬಟ್ಟೆಚೂರು ಕಟ್ಟಿದ್ದಳು.

ಸಂಜೆ ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ ಗುಡಿಸಿ ಒರೆಸಲು ಹೊರಡುವ ಮೊದಲು ಗಂಡ ಹೆಂಡತಿಗೆ ಒಂದಿಷ್ಟು ಹೊತ್ತು ಒಟ್ಟಿಗೆ ಸಿಗುತ್ತಿತ್ತು. ಮೊದಲೆಲ್ಲ ಆ ಹೊತ್ತಿನಲ್ಲಿ ಔಷಧದ ಮಾತು, ನೀರಿನ ಮಾತು, ಅಷ್ಟೇ. ಈಗ ವೈನಿನ ಮಾತು ಸೇರಿಕೊಂಡಿತು.

"ಮೊದಲನೇದನ್ನ ಎಲ್ಲಿ ಕೂತು ಕುಡಿಯೋಣ?" ಎನ್ನುವಳು.

"ಎಲ್ಲಾದ್ರೂ. ಕೂತ್ಕೊಳ್ಳೋದು ಮುಖ್ಯ."

"ಕೆರೆ ಪಕ್ಕ ಒಂದು ರೂಮ್ ತಗೊಂಡು. ನಾನು ಕಾಲು ಚಾಚ್ಕೊಂಡು ಕೂತಿರ್ತೀನಿ. ನೀವು ನಲ್ಲಿ ತಿರುಗಿಸಿ ಕೊಡ್ಬೇಕು."

"ಯಾವಾಗ?"

"ಎಲ್ಲ ಮುಗಿದ ಮೇಲೆ."

'ಎಲ್ಲ' ಎಂದರೆ ಏನು ಎಂದು ಅವನು ಕೇಳುತ್ತಿರಲಿಲ್ಲ. ಅವಳೂ ಹೇಳುತ್ತಿರಲಿಲ್ಲ. ಎರಡು ಕೋಣೆಗಳ ನಡುವಿನ ಗೋಡೆ ತೆಳ್ಳಗಿತ್ತು. ಗೋಡೆಯ ಆಚೆ ಮಂಚದ ಮೇಲೆ ಮಲಗಿದ್ದವಳ ಕಿವಿ ಚುರುಕಾಗಿತ್ತು.

ಅತ್ತೆ ವಯಸ್ಸಿನಲ್ಲಿದ್ದಾಗ ಸಿನಿಮಾ ಮಂದಿರದ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದ ಹೆಂಗಸು. ನೂಕಿ ನುಗ್ಗುವ ಗಂಡಸರನ್ನು ಒಂದೇ ಮಾತಿಗೆ ಸಾಲಿಗೆ ನಿಲ್ಲಿಸುತ್ತಿದ್ದ ಗಂಟಲು. ಕಾಲು ಹೋಗಿತ್ತು, ಗಂಟಲು ಹೋಗಿರಲಿಲ್ಲ. ಮಗಳು ನೀರು ತಂದರೆ "ಬಿಸಿ", ಆರಿಸಿ ತಂದರೆ "ತಣ್ಣಗೆ". ಅಳಿಯನ ಮೇಲೆ ಮಾತ್ರ ಅಷ್ಟು ಹರಿಹಾಯುತ್ತಿರಲಿಲ್ಲ. ಚಾದರ ಹಾಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಒಪ್ಪಿಕೊಂಡಿದ್ದಳು. ಬೆನ್ನ ಕೆಳಗೆ ಒಂದು ಸುಕ್ಕಿಲ್ಲದಂತೆ ಅವನು ಎಳೆದು ಕಟ್ಟಿದ ರಾತ್ರಿ ಅವಳಿಗೆ ನಿದ್ದೆ ಬರುತ್ತಿತ್ತು.

ಹೀಗೆ ಕೆಲವು ವರ್ಷ ಹೋಯಿತು. ಹಬೆಯ ಕೆಲಸದಲ್ಲಿ ಅವನ ಕೆಮ್ಮು ಜಾಸ್ತಿಯಾಯಿತು. ಹೆಂಡತಿಯ ತಲೆ ನರೆಯಿತು. ಅವಳ ಅಣ್ಣ, ಪರದೆ ಬಟ್ಟೆಯ ಅಂಗಡಿ ಇಟ್ಟವನು, ಆಗೊಮ್ಮೆ ಈಗೊಮ್ಮೆ ಕಿತ್ತಳೆ ಹಣ್ಣು ಹಿಡಿದು ಬರುವನು. ತಾಯಿಯ ತಲೆ ಸವರಿ, "ಅಮ್ಮನ್ನ ಎಷ್ಟು ಚೆನ್ನಾಗಿ ನೋಡ್ಕೋತಿದೀಯ ಕಣೇ, ನಿನಗೆ ಪುಣ್ಯ ಬರುತ್ತೆ" ಎಂದು ತಂಗಿಗೆ ಹೇಳಿ, ಚಹಾ ಆರುವ ಮೊದಲೇ ಎದ್ದು ಹೊರಡುವನು. ಪುಣ್ಯವನ್ನು ಅರ್ಧರ್ಧ ಹಂಚಿಕೊಳ್ಳೋಣ ಬಾ ಅಣ್ಣ ಎನ್ನಲು ಅವಳಿಗೆ ಎಷ್ಟೋ ಸಲ ಬಾಯಿಗೆ ಬಂದಿತ್ತು. ಅಂದಿರಲಿಲ್ಲ.

ಒಂದು ಸಂಜೆ ಕೆಲಸದಿಂದ ಬರುವಾಗ ಇಸ್ತ್ರಿಯಣ್ಣನೇ ವೈನ್ ಅಂಗಡಿಗೆ ಹೊಕ್ಕ. ಬಾಗಿಲಲ್ಲಿ ರಿಯಾಯಿತಿಯ ಚೀಟಿ ಅಂಟಿಸಿದ್ದರು; ಹೆಂಡತಿ ಖುಷಿಪಟ್ಟಾಳು ಎನಿಸಿತು. ಅಂಗಡಿಯಾಕೆ ಪೆಟ್ಟಿಗೆ ಎತ್ತಿಕೊಡುತ್ತಾ, "ನಿಮ್ಮ ಮನೆಯವರೂ ಇದನ್ನೇ ಒಯ್ತಾರೆ. ಮನೆ ತುಂಬ ಜನ ಇದಾರಾ?" ಎಂದು ಕೇಳಿದಳು.

"ಇಲ್ಲ, ಮೂರೇ ಜನ. ಕುಡಿಯಲ್ಲ ನಾವು. ಇಟ್ಟಿದೀವಿ. ಹಳೇದಾಗ್ಲಿ ಅಂತ."

ಆಕೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಪೆಟ್ಟಿಗೆ ತಲೆಕೆಳಗು ಮಾಡಿ ತಳದಲ್ಲಿ ಒತ್ತಿದ್ದ ತಾರೀಕು ತೋರಿಸಿದಳು.

"ಇದರೊಳಗೆ ಕುಡೀಬೇಕು ಸಾರ್. ಹಳೇದಾದ್ರೆ ರುಚಿ ಅಂತಾರಲ್ಲ, ಅದು ಬೇರೆ ವೈನು. ಗಾಜಿನ ಬಾಟ್ಲಿ, ಬಿಗಿಯಾದ ಬಿರಡೆ. ಅದರಲ್ಲೂ ಎಲ್ಲಾ ಬಾಟ್ಲಿನೂ ಅಲ್ಲ. ಇದು ಪ್ಲಾಸ್ಟಿಕ್ ಚೀಲ. ಕಣ್ಣಿಗೆ ಕಾಣ್ದೇ ಇದ್ರೂ ಗಾಳಿ ಒಳಗೆ ಹೋಗ್ತಾನೇ ಇರುತ್ತೆ. ವರ್ಷ ದಾಟಿದ್ರೆ ಹುಳಿ. ಇದನ್ನ ಮಾಡಿರೋದೇ ತಂದು ಕುಡಿದು ಮುಗಿಸ್ಲಿ ಅಂತ."

"ತಣ್ಣಗಿರೋ ಕಡೆ ಇಟ್ರೆ?"

"ಸ್ವಲ್ಪ ನಿಧಾನ ಆಗುತ್ತೆ. ಅಷ್ಟೇ."

ಅವನು ಪೆಟ್ಟಿಗೆಯನ್ನು ವಾಪಸು ಇಡಲಿಲ್ಲ. ಹೊತ್ತುಕೊಂಡೇ ಮನೆಗೆ ಬಂದ. ಹೆಂಡತಿ ಕ್ಲಿನಿಕ್ಕಿಗೆ ಹೋದ ಮೇಲೆ ಒಳಕೋಣೆಯಲ್ಲಿ ಮೊಣಕಾಲೂರಿ, ಎಲ್ಲಕ್ಕಿಂತ ಹಳೆಯದನ್ನು, ಹೋಟೆಲಿನಿಂದ ಬಂದದ್ದನ್ನು, ಮುಂದಕ್ಕೆ ಎಳೆದು ಲೋಟಕ್ಕೆ ಒಂದು ಗುಟುಕು ಬಿಟ್ಟ. ಕೆಂಪು ಎಲ್ಲಿಯದು? ತುಕ್ಕು ಹಿಡಿದ ಕೊಳಾಯಿಯ ಮೊದಲ ನೀರಿನ ಬಣ್ಣ. ನಾಲಿಗೆಗೆ ತಾಗಿದ್ದೇ ಮುಖ ಕಿವುಚಿತು.

ಮೇಲಿನಿಂದ ದನಿ ಬಂತು. "ಹುಳಿ ಬಂದಿದೆ ಅಲ್ವಾ, ಅಳಿಯಂದ್ರೇ?"

ಅವನು ಬೆಚ್ಚಿಬಿದ್ದು ಮಂಚದ ಅಂಚಿಗೆ ತಲೆ ಹೊಡೆಸಿಕೊಂಡ.

"ನಿಮಗೆ ಹೇಗೆ ಗೊತ್ತು?"

"ನನ್ನ ಮೂಗಿನ ಕೆಳಗೇ ಇಟ್ಟಿದೀರಲ್ಲ! ಹೋದ ಚಳಿಗಾಲದಿಂದ ವಾಸನೆ ಬರ್ತಿದೆ. ಒಂದು ಚೀಲ ಎಲ್ಲೋ ಜಿನುಗ್ತಿರ್ಬೇಕು. ಔಷಧಿ ವಾಸನೆ ಜೊತೆ ಸೇರ್ಕೊಂಡು ಅವಳಿಗೆ ಗೊತ್ತಾಗಿಲ್ಲ." ಆಮೇಲೆ, "ಅವಳಿಗೆ ಹೇಳ್ಬೇಡಿ. ಅವಳಿಗೆ ಇರೋದೇ ಅದೊಂದು" ಎಂದಳು.

ಬಾಯಲ್ಲಿ ಬಿಸಿತುಪ್ಪ ಬಿದ್ದ ಹಾಗಾಯಿತು ಅವನಿಗೆ, ಉಗುಳುವಂತಿಲ್ಲ, ನುಂಗುವಂತಿಲ್ಲ. ಮಾರನೇ ದಿನ ಹೆಂಡತಿ ಎಂದಿನಂತೆ ಬಗ್ಗಿ ಪೆಟ್ಟಿಗೆ ಒರೆಸುವುದನ್ನು ನೋಡುತ್ತಾ ನಿಂತ. ಬಗ್ಗಿದವಳು ಏಳುವಾಗ ಗೋಡೆ ಹಿಡಿದುಕೊಂಡಳು. ಎದ್ದು ಅವನತ್ತ ನೋಡಿ ನಕ್ಕಳು. ಆ ನಗು ನೋಡಿದ ಮೇಲೆ ಹೇಳುವುದು ಎಲ್ಲಿಂದ?

ಕೊನೆಗೆ ಅವನೊಂದು ದಾರಿ ಹುಡುಕಿದ. ಹೊರಗಿನ ರಟ್ಟು ಹಾಗೇ ಇರಲಿ, ಅವಳು ಕಟ್ಟಿದ ಬಟ್ಟೆಚೂರೂ ಇರಲಿ. ಒಳಗಿನ ಚೀಲ ಬದಲಿಸಿದರೆ ಯಾರಿಗೆ ಗೊತ್ತಾಗುತ್ತದೆ? ಹೊಸ ಪೆಟ್ಟಿಗೆ ತಂದು, ಅದರ ಚೀಲ ತೆಗೆದು, ಹಳೆಯ ರಟ್ಟಿನ ತಳ ನಾಜೂಕಾಗಿ ಬಿಚ್ಚಿ, ಕೊಳೆತದ್ದನ್ನು ಎಳೆದು, ಹೊಸದನ್ನು ಕೂರಿಸಿ, ನಲ್ಲಿಯನ್ನು ತೂತಿನಿಂದ ಹೊರಗೆ ತಂದು, ಗೋಂದು ಹಚ್ಚಿ ಅಂಟಿಸಬೇಕು. ತಿಂಗಳಿಗೆ ಒಂದು, ಕೈಯಲ್ಲಿ ದುಡ್ಡಿದ್ದರೆ ಎರಡು. ಹೆಂಡತಿ ಇಲ್ಲದ ಸಂಜೆಗಳಲ್ಲಿ ಈ ಕೆಲಸ ನಡೆಯಿತು. ಅತ್ತೆ ಮಂಚದ ಮೇಲಿಂದಲೇ ಮೇಸ್ತ್ರಿಯಾದಳು.

"ಗೋಂದು ಜಾಸ್ತಿ ಆಯ್ತು, ಒರೆಸಿ. ಆ ನೀಲಿ ಚೂರು ಈ ಕಡೆ ಇತ್ತು, ಆ ಕಡೆ ಅಲ್ಲ."

ಹಳೆಯ ಚೀಲಗಳನ್ನು ಅವನು ಕಕ್ಕಸಿನಲ್ಲಿ ಸುರಿದು ನೀರು ಬಿಡುತ್ತಿದ್ದ. ಆ ಸದ್ದು ಕೇಳಿ ಅತ್ತೆ, "ಮನುಷ್ಯರ ಹೊಟ್ಟೆಯಿಂದ ಹಾದು ಅಲ್ಲಿಗೆ ಹೋಗ್ಬೇಕಾಗಿದ್ದು, ಪಾಪ, ನೇರವಾಗೇ ಹೋಯ್ತು" ಎಂದಾಗ ಇಸ್ತ್ರಿಯಣ್ಣ ಬಚ್ಚಲ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹಾಗೆ ನಕ್ಕು ಬಹಳ ದಿನವಾಗಿತ್ತು. ನಕ್ಕ ಮೇಲೆ ಮೈಯೆಲ್ಲ ಇನ್ನಷ್ಟು ದಣಿದಂತೆನಿಸಿತು.

ಆದರೆ ಇದೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸವೇ. ಒಂದು ಬದಲಿಸುವಷ್ಟರಲ್ಲಿ ಇನ್ನೊಂದರ ತಾರೀಕು ಹತ್ತಿರ ಬರುತ್ತಿತ್ತು. ಸಾಲದ್ದಕ್ಕೆ ಹೆಂಡತಿಯೂ ತರುವುದನ್ನು ನಿಲ್ಲಿಸಿರಲಿಲ್ಲ. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಾ ಅವನು ಯೋಚಿಸುವನು: ಇದನ್ನೆಲ್ಲ ಯಾವ ದಿನಕ್ಕೆಂದು ಹೊರುತ್ತಿದ್ದೇನೆ? ಆ ದಿನ ಬರಲಿ ಎಂದು ಬಯಸುವುದು ಹೇಗೆ, ಬಾರದಿರಲಿ ಎಂದು ಬಯಸುವುದು ಹೇಗೆ? ಉತ್ತರ ಸಿಗುವ ಮೊದಲು ಉಸಿರು ಸಿಗುತ್ತಿತ್ತು, ಮತ್ತೆ ಹತ್ತುವನು.

ಒಂದು ದಿನ ಹೋಟೆಲಿನಲ್ಲಿ ರೋಲರ್ ಕೆಟ್ಟು ನಿಂತಿತು. ಅತಿಥಿಗಳು ತುಂಬಿದ್ದರು, ಚಾದರಗಳಿಗೆಲ್ಲ ಕೈಯಲ್ಲೇ ಇಸ್ತ್ರಿ ಹಾಕಬೇಕಾಯಿತು. ಅವನು ಮನೆಯ ಮೆಟ್ಟಿಲು ಹತ್ತುವಾಗ ಹೆಗಲು ತನ್ನದೋ ಬೇರೆಯವರದೋ ಎನ್ನುವಂತಿತ್ತು. ಹೊತ್ತು ಮೀರಿತ್ತು. ಕದ ತೆಗೆದರೆ ಮನೆಯೊಳಗೆ ಸದ್ದಿಲ್ಲ.

ಒಳಕೋಣೆಯಲ್ಲಿ ಮಂಚ ಖಾಲಿ. ಮಂಚಕ್ಕೂ ಗೋಡೆಗೂ ನಡುವಿನ ಜಾಗದಲ್ಲಿ, ನೆಲದ ಮೇಲೆ, ಹೆಂಡತಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಅವಳ ಎದೆಗೆ ಒರಗಿ ಅತ್ತೆ. ಚಾದರ ಬದಲಿಸಲು ತಾಯಿಯನ್ನು ಮಗ್ಗುಲಿಗೆ ಹೊರಳಿಸುವಾಗ ಹೆಂಡತಿಯ ಬೆನ್ನು ಹಿಡಿದುಕೊಂಡು, ಇಬ್ಬರೂ ಮೆಲ್ಲಗೆ ಜಾರಿ ಕೆಳಗೆ ಬಂದಿದ್ದರು. ಪೆಟ್ಟೇನೂ ಆಗಿರಲಿಲ್ಲ. ಎತ್ತಲು ಆಗದೆ, ಬಿಟ್ಟು ಏಳಲೂ ಆಗದೆ, ಅವನು ಬರುವವರೆಗೆ ಹಾಗೇ ಕೂತುಬಿಟ್ಟಿದ್ದರು. ಕ್ಲಿನಿಕ್ಕಿನ ಹೊತ್ತು ಕಳೆದುಹೋಗಿತ್ತು.

ಹೆಂಡತಿಯ ಕೈಯಲ್ಲಿ ಅಮ್ಮನ ಔಷಧದ ಪುಟ್ಟ ಪ್ಲಾಸ್ಟಿಕ್ ಬಟ್ಟಲಿತ್ತು. ಕೈಗೆಟಕುವ ಪೆಟ್ಟಿಗೆಯ ನಲ್ಲಿಯಿಂದ ಹನಿ ಬೀಳುತ್ತಿತ್ತು.

"ಹುಳಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. "ಇಷ್ಟು ವರ್ಷ ಕಾದೆವು ರೀ. ಹುಳಿ."

ಅವನು ಬಾಯಿ ತೆರೆಯುವ ಮೊದಲೇ ಅತ್ತೆ ಗೊಣಗಿದಳು. "ನಾನು ಹೇಳ್ದೆ, ಆ ನೀಲಿ ಚೂರಿಂದು ತೆಗಿ, ಅದು ಚೆನ್ನಾಗಿದೆ ಅಂತ. ಇವಳು ಯಾವತ್ತು ನನ್ನ ಮಾತು ಕೇಳಿದಾಳೆ?"

ಹೆಂಡತಿ ನಿಧಾನವಾಗಿ ತಾಯಿಯ ನೆತ್ತಿಯಿಂದ ಕಣ್ಣೆತ್ತಿ ಗಂಡನ ಮುಖ ನೋಡಿದಳು. "ಅದು ಚೆನ್ನಾಗಿದೆ ಅಂತ ಅಮ್ಮಂಗೆ ಹೇಗೆ ಗೊತ್ತು?"

ಅವನು ಮೊದಲು ಅತ್ತೆಯನ್ನು ಎತ್ತಿದ. ಚಾದರವನ್ನು ಮಡಿಸಿ ಜೋಳಿಗೆ ಮಾಡಿ, ಅವಳ ಬೆನ್ನಿಗೂ ತೊಡೆಗೂ ಕೊಟ್ಟು, ಹೆಂಡತಿಯನ್ನು ಒಂದು ಕಡೆ ಹಿಡಿಯಲು ಹೇಳಿ, ಒಂದೇ ಎಳೆತಕ್ಕೆ ಮಂಚಕ್ಕೆ ತಂದ. ಚಾದರ ಎಳೆದು ಕಟ್ಟಿದ. ಆಮೇಲೆ ಮಾಡಲು ಕೆಲಸ ಉಳಿಯಲಿಲ್ಲ. ಹೇಳಿದ. ಅಂಗಡಿಯಾಕೆ ತೋರಿಸಿದ ತಾರೀಕು, ಬದಲಿಸಿದ ಚೀಲ, ಕಕ್ಕಸಿಗೆ ಸುರಿದದ್ದು, ಎಲ್ಲ.

"ಎಷ್ಟು ದಿನದಿಂದ?"

"ತುಂಬಾ ದಿನ ಆಯ್ತು."

"ನಾನು ದಿನಾ ಒರೆಸ್ತಿದ್ದೆ."

"ಹೌದು."

"ಬೇಸಿಗೇಲಿ ಗೋಣಿ ಒದ್ದೆ ಮಾಡಿ ಮಾಡಿ ಹಾಕ್ತಿದ್ದೆ. ನೀವು ನೋಡ್ತಾ ಕೂತಿದ್ರಿ."

"ಹೌದು ಕಣೇ."

"ಇಬ್ಬರೂ ಸೇರ್ಕೊಂಡು ನನ್ನ ಮುಂದೆ ನಾಟಕ ಆಡಿದ್ರಿ."

ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟು ಒಂದೇ ಪಾತ್ರೆಯನ್ನು ತಿಕ್ಕಿದ್ದೇ ತಿಕ್ಕಿದಳು. ಅವನು ಒಳಕೋಣೆಯ ಬಾಗಿಲಲ್ಲೇ ನಿಂತಿದ್ದ. ಹೋಗಿ ಸಮಾಧಾನ ಹೇಳುವ ಶಕ್ತಿಯೂ ಇರಲಿಲ್ಲ, ಕೂತುಬಿಡುವ ಧೈರ್ಯವೂ ಇರಲಿಲ್ಲ.

ಒಳಗಿನಿಂದ ಸಿನಿಮಾ ಮಂದಿರದ ಹಳೆಯ ಗಂಟಲು ಕೇಳಿಸಿತು. "ಲೇ! ಜಗಳ ಆಮೇಲೆ ಆಡ್ಕೊಳ್ಳಿ. ಮೊದ್ಲು ಆ ನೀಲೀದನ್ನ ತೆಗೆದು ನನಗೊಂದು ಲೋಟ ಕೊಡಿ. ಹಲ್ಲಿದ್ದಾಗ ಕಡಲೆ ಇರ್ಲಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ. ವೈನಿಗೆ ಹಲ್ಲು ಬೇಡವಲ್ಲ!"

ಪಾತ್ರೆಯ ಸದ್ದು ನಿಂತಿತು. ಹೆಂಡತಿ ಮೂರು ಲೋಟ ಹಿಡಿದು ಬಂದಳು. ಗಂಡನ ಮುಖ ನೋಡದೆ ಅವನ ಕೈಗೆ ಲೋಟಗಳನ್ನು ಕೊಟ್ಟು, ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಳು. ಅವನು ನಲ್ಲಿ ತಿರುಗಿಸಿದ. ಕೆಂಪು ಕೆಂಪಾಗಿ ಬಂತು. ಅತ್ತೆಯ ತಲೆ ಎತ್ತಿ ಹಿಡಿದು ಕುಡಿಸಿದ. ಅವಳು ಚಪ್ಪರಿಸಿ, "ಪರವಾಗಿಲ್ಲ. ಇದಕ್ಕಾ ಇಷ್ಟೆಲ್ಲ ಮಾಡಿದ್ದು?" ಎಂದಳು.

ನಿಜಕ್ಕೂ ಅದು ಸಾಧಾರಣ ವೈನು. ಸ್ವಲ್ಪ ಸಿಹಿ, ಸ್ವಲ್ಪ ಒಗರು. ಎರಡನೆಯ ಸಲ ಲೋಟ ತುಂಬಿದ ಮೇಲೆ ಅತ್ತೆ ಮಗಳ ಕಡೆ ತಿರುಗಿದಳು. ಈ ಸಲ ಗಂಟಲು ಏರಲಿಲ್ಲ.

"ನಾನು ಹೋಗ್ಲಿ ಅಂತ ತಾನೇ ಕಾಯ್ತಿದ್ದಿದ್ದು? ಎಲ್ಲ ಮುಗಿದ ಮೇಲೆ, ಎಲ್ಲ ಮುಗಿದ ಮೇಲೆ ಅಂತ?"

ಇಸ್ತ್ರಿಯಣ್ಣ ಲೋಟ ಕೆಳಗಿಟ್ಟ. ಹೆಂಡತಿ ಇಲ್ಲ ಎನ್ನುತ್ತಾಳೆ ಎಂದುಕೊಂಡ. ಹಾಗೆನ್ನಬೇಕು ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಅವಳು ಸೆರಗಿನಂತೆ ಹೆಗಲಿಗೆ ಹಾಕಿಕೊಂಡಿದ್ದ ಒರೆಸುವ ಬಟ್ಟೆಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಹೌದಮ್ಮ" ಎಂದಳು. "ನನಗೆ ಸುಸ್ತಾಗಿದೆ. ನೀನು ಹೋಗ್ಬೇಕು ಅಂತ ಅಲ್ಲ. ಆದ್ರೆ ಮುಗೀಲಿ ಅಂತ ಅನಿಸುತ್ತೆ. ಅನಿಸಿದ ಮೇಲೆ ನನ್ನ ಮೇಲೇ ನನಗೆ ಹೇಸಿಗೆ ಆಗುತ್ತೆ. ಅದಕ್ಕೇ ಪೆಟ್ಟಿಗೆ ಒರೆಸ್ತಿದ್ದೆ."

ಅತ್ತೆ ತಲೆಯನ್ನು ದಿಂಬಿಗೆ ಒರಗಿಸಿದಳು.

"ನನಗೂ ಸುಸ್ತಾಗಿದೆ ಕಣೇ" ಎಂದಳು. "ಮಲಗಿ ಮಲಗಿ ಸುಸ್ತಾಗುತ್ತೆ ಅಂದ್ರೆ ಯಾರೂ ನಂಬಲ್ಲ. ಹೋಗೋಣ ಅಂದ್ರೆ ಅದೂ ನನ್ನ ಕೈಲಿಲ್ಲ. ನೀನು ಹೇಳಿದ್ದು ಒಳ್ಳೇದಾಯ್ತು. ನಿಮ್ಮಣ್ಣ ಬಂದಾಗಲೆಲ್ಲ ಪುಣ್ಯ, ಪುಣ್ಯ ಅಂತಿದ್ನಲ್ಲ, ಆ ಮಾತು ಕೇಳಿದ್ರೆ ನನಗೆ ಮೈಯೆಲ್ಲಾ ಉರೀತಿತ್ತು."

ಹೆಂಡತಿ ಅತ್ತಳು. ದೊಡ್ಡ ಅಳುವಲ್ಲ, ಮೂಗು ಒರೆಸಿಕೊಂಡು ಮುಗಿಸುವಂಥದ್ದು. ಅತ್ತೆಯ ಕೈ ಹಾಸಿಗೆಯ ಮೇಲೆ ತಡಕಾಡಿ ಮಗಳ ಮೊಣಕೈ ಸಿಕ್ಕಿತು, ಅದನ್ನೇ ಹಿಡಿದುಕೊಂಡಳು. ಇಸ್ತ್ರಿಯಣ್ಣ ಎದ್ದು ಹಾಳಾದ ಪೆಟ್ಟಿಗೆಗಳನ್ನೆಲ್ಲ ಹೊರಗೆಳೆದು ಬಾಲ್ಕನಿಗೆ ಹಾಕಿದ. ಬೆನ್ನು ನೋಯುತ್ತಿತ್ತು, ಆದರೂ ಆ ದಿನವೇ ಹಾಕಿದ.

ಅಣ್ಣನಿಗೆ ಫೋನ್ ಮಾಡಿದ್ದು ಮಾರನೇ ಬೆಳಿಗ್ಗೆ. ಹೆಂಡತಿಯ ದನಿ ಅಡುಗೆಮನೆಯಿಂದ ಕೇಳುತ್ತಿತ್ತು.

"ಅಣ್ಣ, ಈ ಶನಿವಾರ ಬಾ. ಹಣ್ಣು ಬೇಡ. ಬಟ್ಟೆ ತಗೊಂಡು ಬಾ, ಎರಡು ದಿನಕ್ಕಾಗೋಷ್ಟು... ನಾವಿರಲ್ಲ, ಅದಕ್ಕೇ... ಅಂಗಡಿನಾ? ನಿನ್ನ ಹತ್ರ ಪರದೆಗೆ ಬರವಾ? ಒಂದು ಎಳೆದು ಬಾ... ಕಲೀತೀಯ. ನಾನೇನು ಹುಟ್ಟುತ್ತಾ ಕಲಿತು ಬಂದಿದ್ನಾ?... ಇಲ್ಲ ಅಣ್ಣ, ಕೇಳ್ತಾ ಇಲ್ಲ, ಹೇಳ್ತಾ ಇದೀನಿ."

ಅಣ್ಣ ಬಂದ. ಮುಖ ಊದಿಸಿಕೊಂಡೇ ಬಂದ. ಇಸ್ತ್ರಿಯಣ್ಣ ಅವನನ್ನು ಕರೆದು ಮಗ್ಗುಲು ಹೊರಳಿಸುವುದು, ಚಾದರ ಎಳೆಯುವುದು ತೋರಿಸಿಕೊಟ್ಟ. "ಭಾವ, ಸುಕ್ಕು ಬಿಡ್ಬೇಡಿ, ಚರ್ಮ ಒಡೆಯುತ್ತೆ" ಎಂದ. ತಾಯಿಯ ಮೈ ಇಷ್ಟು ಸಣ್ಣಗಾಗಿದೆ ಎಂದು ಭಾವನಿಗೆ ಆವತ್ತೇ ಗೊತ್ತಾದದ್ದು. ಅತ್ತೆ ಮಾತ್ರ ಗಂಭೀರವಾಗಿ, "ಟಿಕೆಟ್ ಇಲ್ದೇ ಒಳಗೆ ಬಿಡಲ್ಲ ಇವನನ್ನ" ಎಂದಳು.

ಗಂಡ ಹೆಂಡತಿ ಬಸ್ಸು ಹಿಡಿದು ಕೆರೆಯ ಪಕ್ಕದ ಒಂದು ಸಾಧಾರಣ ವಸತಿಗೆ ಹೋದರು. ವೈನು ಒಯ್ದಿರಲಿಲ್ಲ; ಇಬ್ಬರಿಗೂ ನೆನಪಾಗಲಿಲ್ಲ. ಕಿಟಕಿ ತೆರೆದರೆ ನೀರು ಕಾಣುತ್ತಿತ್ತು. ಹೆಂಡತಿ ಒಂದು ಸಲ ನೋಡಿ, "ಚೆನ್ನಾಗಿದೆ" ಎಂದು ಚಪ್ಪಲಿ ಬಿಚ್ಚಿ ಮಂಚದ ಮೇಲೆ ಉರುಳಿದವಳು ಹಾಗೇ ನಿದ್ದೆ ಹೋದಳು. ಅವನು ಹಾಸಿಗೆಯ ಚಾದರ ನೋಡಿದ. ಇಸ್ತ್ರಿ ಸರಿಯಿರಲಿಲ್ಲ, ಒಂದು ಅಂಚು ಮಡಚಿಕೊಂಡಿತ್ತು. ಸರಿ ಮಾಡಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅವಳ ಪಕ್ಕದಲ್ಲಿ ತಾನೂ ಮಲಗಿದ. ಎಚ್ಚರವಾದಾಗ ಮಾರನೇ ದಿನದ ಬಿಸಿಲು ಕಾಲ ಮೇಲಿತ್ತು. ಎದ್ದು ರೊಟ್ಟಿ ಮೊಟ್ಟೆ ತಿಂದು ಮತ್ತೆ ಮಲಗಿದರು. ಕೆರೆಯ ದಂಡೆಗೆ ಹೋದದ್ದು ವಾಪಸು ಬಸ್ಸು ಹಿಡಿಯುವ ಮುಂಚೆ ಸ್ವಲ್ಪ ಹೊತ್ತು, ಅಷ್ಟೇ. ಅಲ್ಲಿ ಕಲ್ಲಿನ ಮೇಲೆ ಕೂತು ಅವಳು ಕೇಳಿದಳು:

"ಆ ಚೀಲಗಳನ್ನೆಲ್ಲ ಒಬ್ಬರೇ ಹೊತ್ಕೊಂಡು ಹತ್ತಿದ್ರಾ?"

"ಇನ್ಯಾರು ಹೊರ್ತಾರೆ?"

"ನನಗೆ ಇನ್ನೂ ಸಿಟ್ಟಿದೆ."

"ಇರ್ಲಿ."

"ನಿಮ್ಮ ಮೊಣಕಾಲು ಮೊದ್ಲೇ ಸರಿ ಇಲ್ಲ" ಎಂದು ಹೇಳಿ ಅವನ ಮೊಣಕಾಲ ಮೇಲೆ ಕೈಯಿಟ್ಟಳು. ಬಸ್ಸು ಬರುವವರೆಗೆ ತೆಗೆಯಲಿಲ್ಲ.

ಅತ್ತೆ ಅದರ ಮುಂದಿನ ಚಳಿಗಾಲದವರೆಗೆ ಇದ್ದಳು. ಅಣ್ಣ ಒಂದು ವಾರ ಬಿಟ್ಟು ಒಂದು ವಾರ ಬರತೊಡಗಿದ್ದ. ಮೊದಮೊದಲು ಗೊಣಗಿದ, ಆಮೇಲೆ ಗೊಣಗುವುದನ್ನು ಮರೆತ. ಮಂಚದ ಕೆಳಗೆ ಉಳಿದಿದ್ದ ಒಳ್ಳೆಯ ಪೆಟ್ಟಿಗೆಗಳು ಒಂದೊಂದಾಗಿ ಖಾಲಿಯಾದವು. ದಿನಾ ಸಂಜೆ ಅತ್ತೆಗೆ ಔಷಧದ ಬಟ್ಟಲಲ್ಲಿ ಅಷ್ಟು, ಇವರಿಬ್ಬರಿಗೆ ಲೋಟದಲ್ಲಿ ಇಷ್ಟು. ಆಯಾಸವೇನೂ ಕಡಿಮೆಯಾಗಲಿಲ್ಲ. ಆದರೆ ಆಯಾಸ ಎಂದು ಹೇಳಿಕೊಳ್ಳಬಹುದು ಎಂಬಷ್ಟು ಸಲಿಗೆ ಆ ಮನೆಯಲ್ಲಿ ಹುಟ್ಟಿತು. "ಇವತ್ತು ನನ್ನ ಕೈಲಾಗಲ್ಲಮ್ಮ" ಎಂದು ಮಗಳು ಹೇಳುವಳು. "ಹಾಗಾದ್ರೆ ತಲೆ ಬಾಚೋದು ನಾಳೆಗಿರ್ಲಿ" ಎಂದು ತಾಯಿ ಹೇಳುವಳು. ಹಾಗೆ ಒಂದು ಬೆಳಿಗ್ಗೆ, ಹಿಂದಿನ ದಿನ ಬಾಚದೆ ಬಿಟ್ಟಿದ್ದ ತಲೆಯನ್ನು ಮಗಳು ಬಾಚುತ್ತಿದ್ದಾಗಲೇ, ಅತ್ತೆ ಕಣ್ಣು ಮುಚ್ಚಿದಳು. ಜಡೆ ಅರ್ಧಕ್ಕೆ ನಿಂತಿತ್ತು. ಹೆಂಡತಿ ಅದನ್ನು ಪೂರ್ತಿ ಹೆಣೆದ ಮೇಲೆಯೇ ಗಂಡನನ್ನು ಕೂಗಿದಳು.

ಎಲ್ಲ ಮುಗಿದ ಮೇಲೆ ಏನು ಮಾಡಬೇಕು ಎಂದು ಅಷ್ಟು ಮಾತಾಡಿಕೊಂಡಿದ್ದವರು ಏನೂ ಮಾಡಲಿಲ್ಲ. ಇಸ್ತ್ರಿಯಣ್ಣ ನೆಲಮಾಳಿಗೆಗೆ ಇಳಿದ, ಹತ್ತಿ ಬಂದ. ಹೆಂಡತಿ ಕ್ಲಿನಿಕ್ ಒರೆಸಿದಳು. ಒಳಕೋಣೆಯ ಕಿಟಕಿ ತೆರೆದಿಟ್ಟರು.

ಅಣ್ಣ ಮಾತ್ರ ತನ್ನ ವಾರ ಬಂದಾಗ ಈಗಲೂ ಬರುತ್ತಾನೆ. ಮೊದಲ ಸಲ ಬಂದವನು ಬಾಗಿಲಲ್ಲಿ ನಿಂತು, "ಅಭ್ಯಾಸ ಆಗ್ಬಿಟ್ಟಿದೆ ಕಣೇ, ಕಾಲು ತಾನಾಗೇ ಈ ಕಡೆ ಬಂತು" ಎಂದಿದ್ದ. ಮಾಡಲು ಕೆಲಸವಿಲ್ಲ. ಕುರ್ಚಿಯಲ್ಲಿ ಕೂರುತ್ತಾನೆ, ಅಂಗಡಿಯ ಸುದ್ದಿ ಒಂದೆರಡು ಹೇಳುತ್ತಾನೆ, ಚಹಾ ಬರುವಷ್ಟರಲ್ಲಿ ತಲೆ ಎದೆಗೆ ಬಾಗಿ ಗೊರಕೆ ಶುರುವಾಗಿರುತ್ತದೆ.

"ಭಾವ, ಚಹಾ ಆರುತ್ತೆ" ಎಂದು ಇಸ್ತ್ರಿಯಣ್ಣ ಏಳಿಸಲು ಹೋದರೆ ಹೆಂಡತಿ ತುಟಿಗೆ ಬೆರಳಿಟ್ಟು ತಡೆಯುತ್ತಾಳೆ.

"ಬಿಡಿ, ಮಲಗ್ಲಿ" ಎನ್ನುತ್ತಾಳೆ. "ಬೇಕಾದ್ರೆ ಮತ್ತೆ ಮಾಡಿದ್ರಾಯ್ತು."